ಹೊರಗಿನ ಕೊಂಡಿ

ಶಿವಕಾಂತಾ ಕಂಡವರ ಬಾಗಿಲು ತೆಗೆಯುತ್ತ ತಿರುಗುತ್ತಿದ್ದಳು.

ಆಳಂದ ತಾಲೂಕಿನ ಗಡಿಯಲ್ಲಿದ್ದ ಆ ಊರು ತೊಂಬತ್ತಮೂರರ ಭೂಕಂಪದಲ್ಲಿ ಅರ್ಧಕ್ಕರ್ಧ ನೆಲಕ್ಕೆ ಕುಂತಿತ್ತು. ಉಳಿದವರಿಗೆ ಊರ ಹೊರಗಿನ ಬಯಲಿನಲ್ಲಿ ತಗಡಿನ ಶೆಡ್ಡು ಹಾಕಿಕೊಟ್ಟಿದ್ದರು. ಬಾಗಿಲೆಂದರೆ ಅಲ್ಲಿ ಒಂದು ತಗಡು, ಅದಕ್ಕೊಂದು ತಂತಿಯ ಕುಣಿಕೆ. ಹೊಲಕ್ಕೆ ಹೋಗುವವರು ಕುಣಿಕೆ ಸಿಗಿಸಿ ಹೋದರೆ ಶಿವಕಾಂತಾ ಹಿಂದಿನಿಂದ ಬಂದು ಅದನ್ನು ಬಿಚ್ಚುವಳು. ತಗಡನ್ನು ಪೂರ್ತಿ ತೆರೆದು, ಮುಚ್ಚಿಕೊಳ್ಳದಂತೆ ಕಲ್ಲು ಆನಿಸಿ, ಮುಂದಿನ ಶೆಡ್ಡಿಗೆ ಹೋಗುವಳು. ಯಾರ ಮನೆಯೊಳಕ್ಕೂ ಕಾಲಿಡುತ್ತಿರಲಿಲ್ಲ, ಏನನ್ನೂ ಮುಟ್ಟುತ್ತಿರಲಿಲ್ಲ. ಆದರೆ ತೆರೆದ ಬಾಗಿಲಲ್ಲಿ ನಾಯಿ ನುಗ್ಗಿ ರೊಟ್ಟಿ ಎಳೆದೊಯ್ಯುತ್ತಿದ್ದವು, ಹಂದಿ ಹೊಕ್ಕು ಜೋಳ ಚೆಲ್ಲುತ್ತಿದ್ದವು. ಜನ ಮೊದಮೊದಲು ಪಾಪ ಅಂದರು, ಮಗಳನ್ನು ಕಳಕೊಂಡವಳು ಅಂದರು. ಆಮೇಲೆ ಬೈದರು. ಆಮೇಲೆ ಹೊಡೆದರು. ಪ್ರಮಿಲಾ ಆ ಊರಿಗೆ ಮೊದಲ ಸಲ ಬಂದ ದಿನ ಶಿವಕಾಂತಾಳ ಮುಂಗೈ ಮೇಲೆ ರೊಟ್ಟಿ ಮಗುಚುವ ಕಬ್ಬಿಣ ಕಾಯಿಸಿ ಇಟ್ಟ ಗುರುತು ಇನ್ನೂ ಹಸಿಯಾಗಿತ್ತು.

"ಮಾತಾಡಂಗಿಲ್ರಿ ಆಕಿ," ಎಂದಳು ಪಕ್ಕದ ಶೆಡ್ಡಿನ ಹಜರಾಬಿ. "ಮನಿ ಬಿದ್ದಾಗಿಂದ ಒಂದ್ ಅಕ್ಷರ ಆಡಿಲ್ಲ. ಅತ್ತಿ ತುತ್ತು ಮಾಡಿ ಬಾಯಾಗ ಇಟ್ಟರ ನುಂಗತಾಳ, ಇಲ್ಲಾಂದ್ರ ಇಲ್ಲ."

ಪ್ರಮಿಲಾ ಅಫಜಲಪುರದ ವಕೀಲರೊಬ್ಬರ ಮಗಳು. ಪುಣೆಯಲ್ಲಿ ಮನಃಶಾಸ್ತ್ರ ಓದಿ, ಅಲ್ಲೇ ಕೆಲಕಾಲ ಕೆಲಸ ಮಾಡಿ, ತಂದೆ ತೀರಿದ ಮೇಲೆ ತಾಯಿ ವತ್ಸಲಾಬಾಯಿಯ ಜೊತೆಗಿರಲು ಮರಳಿದ್ದಳು. ಭೂಕಂಪದಲ್ಲಿ ಬದುಕುಳಿದವರ ಮನಸ್ಸಿಗೆ ಚಿಕಿತ್ಸೆ ಕೊಡಲು ಒಂದು ಸೇವಾಸಂಸ್ಥೆ ಅವಳನ್ನೂ ಗುಲಬರ್ಗಾದ ಮನೋವೈದ್ಯ ಡಾಕ್ಟರ್ ನರಸಿಂಹ ಅವರನ್ನೂ ಜೊತೆ ಮಾಡಿ ಕಳಿಸಿತ್ತು. ನರಸಿಂಹ ವಯಸ್ಸಿನಲ್ಲಿ ದೊಡ್ಡವರು, ಕಡಿಮೆ ಮಾತಿನವರು. ವಾರಕ್ಕೊಂದು ದಿನ ಜೀಪಿನಲ್ಲಿ ಬಂದು ಸಂಜೆ ಹಿಂತಿರುಗುತ್ತಿದ್ದರು. ಪ್ರಮಿಲಾ ಆಳಂದದಲ್ಲಿ ಒಂದು ಖೋಲಿ ಹಿಡಿದು ಉಳಿದಿದ್ದಳು.

ಶಿವಕಾಂತಾಳ ಮನೆಯಲ್ಲಿ ಚಿಕಿತ್ಸೆ ಬೇಕಾದವರು ಇಬ್ಬರಿದ್ದರು. ಇನ್ನೊಬ್ಬ ಅವಳ ಗಂಡ ಬಸವಂತರಾಯ. ಕಲ್ಲುಮಣ್ಣಿನಡಿಯಿಂದ ಅವನನ್ನು ಜೀವಸಹಿತ ಎಳೆದು ತೆಗೆದಿದ್ದರು. ಬಲಗಾಲು ಜಜ್ಜಿಹೋಗಿ ಕೋಲು ಹಿಡಿದು ನಡೆಯುತ್ತಿದ್ದ. ಮೊದಲೇ ಕುಡುಕ, ಈಗ ಬೆಳಗಿನಿಂದಲೇ ಕುಡಿಯುತ್ತಿದ್ದ. ಅವನ ತಂದೆ ಮತ್ತು ಏಳು ವರ್ಷದ ಮಗಳು ಕಸ್ತೂರಿ ಅವನ ಬೆನ್ನ ಹಿಂದೆಯೇ ಸತ್ತಿದ್ದರು. ತಾಯಿ ಸುಭದ್ರಾಬಾಯಿ ಆಗ ಭೂಸನೂರಿನಲ್ಲಿ ಮಗಳ ಬಾಣಂತನಕ್ಕೆ ಹೋಗಿದ್ದರಿಂದ ಉಳಿದಿದ್ದಳು.

"ಅವನ್ನ ನಾ ನೋಡ್ತೀನಿ. ಹೆಂಗಸನ್ನ ನೀವು ನೋಡ್ರಿ," ಎಂದರು ನರಸಿಂಹ.

"ಆದರ ಒಂದು ಮಾತು, ಡಾಕ್ಟರ್," ಎಂದಳು ಪ್ರಮಿಲಾ. "ಒಂದೇ ಮನಿಯ ಇಬ್ಬರನ್ನ ನಾವಿಬ್ಬರು ನೋಡೂದು. ನನಗ ತಿಳಿದದ್ದು ನಿಮಗ, ನಿಮಗ ತಿಳಿದದ್ದು ನನಗ ತಿಳೀಬೇಕು. ಇಲ್ಲಾಂದ್ರ ನೀವು ಒಂದು ಕಡೆ ಎಳೀತೀರಿ, ನಾ ಒಂದು ಕಡೆ."

ನರಸಿಂಹ ಸ್ವಲ್ಪ ಹಿಂದೆಮುಂದೆ ನೋಡಿದರು. ಅವರು ಯಾವಾಗಲೂ ಒಬ್ಬರೇ ಕೆಲಸ ಮಾಡಿದವರು. "ನನಗ ಗೊತ್ತಾಗಬಾರದ್ದು ಗೊತ್ತಾದರ?"

"ವೈದ್ಯರಿಗೆ ಗೊತ್ತಾಗಬಾರದ್ದು ಅಂತ ಏನಿರ್ತದ?"

ಹಾಗೆ ಒಪ್ಪಂದವಾಯಿತು. ಪ್ರತಿ ವಾರ ಜೀಪು ಗುಲಬರ್ಗಾಕ್ಕೆ ತಿರುಗುವ ಮುಂಚೆ ಆಳಂದದ ಬಸ್‌ಸ್ಟ್ಯಾಂಡಿನ ಎದುರಿನ ಚಹಾದ ಹೋಟೆಲಿನಲ್ಲಿ ಇಬ್ಬರೂ ಕೂತು ಮಾತಾಡುವುದು ರೂಢಿಯಾಯಿತು.

ಬಸವಂತರಾಯ ಬೇಗ ಬಾಯಿ ಬಿಟ್ಟ. ಕುಡಿದಾಗ ಒಂದು ಮಾತು, ಇಳಿದಾಗ ಒಂದು ಮಾತು ಎಂಬುದಿರಲಿಲ್ಲ, ಎರಡು ಹೊತ್ತಿನಲ್ಲೂ ಒಂದನ್ನೇ ಹೇಳುತ್ತಿದ್ದ.

"ಬಾಗ್ಲಾ ನನ್ನ ಕೈಲೆ ತಗೀಲಿಕ್ಕೆ ಆಗ್ಲಿಲ್ರಿ ಸಾಹೇಬ್ರ. ಹಿಂದಿನ ದಿನ ಗಣಪತಿ ಕಳಿಸಿ ಬಂದು ಕುಡದಿದ್ದೆ. ಅಗಳಿ ತಗದೆನೋ ಇಲ್ಲೋ ನನಗ ನೆನಪಿಲ್ಲ. ಎಳದೆ, ಎಳದೆ, ಬರಲಿಲ್ಲ. ಕೂಸು ನನ್ನ ಧೋತ್ರ ಹಿಡಕೊಂಡು ನಿಂತಿತ್ತು. ಎಚ್ಚರಾಗಿದ್ದವ ಯಾವನರೆ ಇದ್ದಿದ್ರ ಬಾಗ್ಲಾ ತಗೀತಿದ್ದ. ನಾನೇ ಕೊಂದೇನ್ರಿ ಅದನ್ನ."

ನರಸಿಂಹ ಇದನ್ನು ಹೇಳುವಾಗ ಚಹಾ ಆರಿಹೋಗಿತ್ತು. "ಇವ ಒಂದಿನ ಜೀವ ತಕ್ಕೊಳ್ಳತಾನ ಪ್ರಮಿಲಾ ಬಾಯಿ. ಗುಳಿಗಿ ಕೊಡಾಕತ್ತೇನಿ. ಗುಳಿಗಿಗೆ ಹೋಗೂ ಅಂಥದ್ದಲ್ಲ ಇದು."

ಶಿವಕಾಂತಾಳ ಬಾಯಿಂದ ಮಾತು ಹೊರಡಲು ಬೇಸಿಗೆ ಬರಬೇಕಾಯಿತು. ಪ್ರಮಿಲಾ ಅವಳನ್ನು ಏನೂ ಕೇಳಲಿಲ್ಲ. ಅವಳ ಹಿಂದೆ ಹಿಂದೆ ಶೆಡ್ಡಿನ ಸಾಲಿನಲ್ಲಿ ನಡೆದಳು. ಅವಳು ತೆಗೆದ ಬಾಗಿಲನ್ನು ಜನ ಬೈಯದ ಹಾಗೆ ತಾನು ಮತ್ತೆ ಮುಂದೆ ಮಾಡಿದಳು, ಆದರೆ ಕುಣಿಕೆ ಹಾಕಲಿಲ್ಲ. ಕುಣಿಕೆ ಹಾಕದಿದ್ದರೆ ಶಿವಕಾಂತಾ ತಿರುಗಿ ನೋಡದೆ ಮುಂದಕ್ಕೆ ಹೋಗುತ್ತಾಳೆ ಎಂಬುದು ಅವಳಿಗೆ ಹಾಗೆಯೇ ತಿಳಿಯಿತು. ಶಿವಕಾಂತಾ ಸಂಜೆ ಒಳಗೆ ಮಲಗದೆ ಬಯಲಲ್ಲಿ ಗೋಣಿ ಹಾಸಿಕೊಂಡರೆ ಪ್ರಮಿಲಾ ಕತ್ತಲಾಗುವ ತನಕ ಪಕ್ಕದಲ್ಲಿ ಕೂತಿರುತ್ತಿದ್ದಳು. ಸುಭದ್ರಾಬಾಯಿ ತಾಟಿನಲ್ಲಿ ರೊಟ್ಟಿ ಹಾಲು ಕಲಸಿ ತಂದು, "ಉಣ್ಣವ್ವ, ನನ್ನ ತಾಯಿ. ಆಕಿ ಹೋದಳು ಅಂತ ನೀನೂ ಹೋದ್ರ ನನಗ್ಯಾರು?" ಎಂದು ತುತ್ತು ಮಾಡಿ ಬಾಯಿಗೆ ಇಡುತ್ತಿದ್ದಳು. ತಿನ್ನುವ ತನಕ ಕೈ ತೆಗೆಯುತ್ತಿರಲಿಲ್ಲ. ಆ ಮುದುಕಿಯನ್ನು ನೋಡಿದಾಗೆಲ್ಲ ಪ್ರಮಿಲಾಗೆ, ಈ ಮನೆ ಎದ್ದು ನಿಲ್ಲುತ್ತದೆ ಎಂಬ ಧೈರ್ಯ ಬರುತ್ತಿತ್ತು.

ಒಂದು ಮಧ್ಯಾಹ್ನ ಶಿವಕಾಂತಾ ತಾನಾಗಿಯೇ ಹಳೆಯ ಊರಿನ ಕಡೆ ನಡೆದಳು. ಪ್ರಮಿಲಾ ಹಿಂದೆ ಹೋದಳು. ಮನೆಯಿದ್ದಲ್ಲಿ ಕಲ್ಲಿನ ಗುಡ್ಡೆ. ಒಂದು ಮೂಲೆಯಲ್ಲಿ ದನದ ಕೊಟ್ಟಿಗೆಯ ಅರ್ಧ ಗೋಡೆ ಮಾತ್ರ ಉಳಿದಿತ್ತು, ಅದರ ಕೆಳಗೆ ದನಗಳಿಗೆ ಮೇವು ಹಾಕುವ ಕಲ್ಲಿನ ದೋಣಿ. ಶಿವಕಾಂತಾ ಅದರ ಪಕ್ಕ ಕೂತಳು.

"ನಾ ಇಲ್ಲಿ ಮಲಗಿದ್ದೆ," ಅಂದಳು.

ಎಷ್ಟೋ ತಿಂಗಳು ಆಡದಿದ್ದ ಗಂಟಲು ಗಂಡಸಿನದರಂತೆ ಒಡೆದಿತ್ತು. ಪ್ರಮಿಲಾ ಪಕ್ಕದಲ್ಲಿ ಕೂತಳು.

"ಗಣಪತಿ ಕಳಿಸಿ ಬಂದು ಹೊಡದ್ರು. ಬಾರಕೋಲಲೇ. ಅದೇನ ಹೊಸಾದಲ್ಲ ಬಿಡ್ರಿ. ಹೊಡದಾಗೆಲ್ಲ ನಾ ಇಲ್ಲಿ ದನದಾಗ ಬಂದು ಮಲಗತಿದ್ದೆ. ಮತ್ತ ಹಿಂದ ಬಂದು ಹೊಡೀತಾರಂತ ಹೊರಗಿಂದ ಕೊಂಡಿ ಹಾಕಿ ಬರ್ತಿದ್ದೆ. ಬೆಳಕ ಹರಿಯೂ ಮುಂದ ತಗೀತಿದ್ದೆ. ಅವರಿಗಿ ಗೊತ್ತಾಗತಿದ್ದಿಲ್ಲ. ಮಾವಗ ಗೊತ್ತಿತ್ತು. ಕೊಂಡಿ ಸಪ್ಪಳಕ್ಕ ಎದ್ದು ಕುಂದರತಿದ್ದ. ಒಂದಿನಾನೂ ಏನೂ ಅಂದಿಲ್ಲ ಪಾಪ."

ಅವಳು ಅಂಗೈಯನ್ನು ಮಂಡಿಗೆ ತಿಕ್ಕಿದಳು.

"ಅವತ್ತೂ ಹಾಕಿದ್ದೆ. ಭೂಮಿ ಅಲಗಾಡ್ತು, ದನ ಕಣ್ಣಿ ಹರಕೊಂಡು ಹೋದ್ವು. ನಾ ಓಡಿ ಬಾಗ್ಲಾಕ ಹೋದೆ. ಬಿದ್ದೆ, ಎದ್ದೆ, ಕೊಂಡಿಗಿ ಕೈ ಹಾಕಿದೆ. ಒಳಗಿಂದ ಅವರು ಬಾಗ್ಲಾ ಎಳೀಲಿಕತ್ತಿದ್ರು. ಎಳದಂಗೆಲ್ಲ ಕೊಂಡೀ ಸರಪಳಿ ಬಿಗೀ ಆಗ್ತದ್ರಿ ಅಕ್ಕೋರ. ಕೊಂಡಿ ಏಳವಲ್ದು. ಎಳೀಬ್ಯಾಡ್ರಿ, ಎಳೀಬ್ಯಾಡ್ರಿ ಅಂತ ಒದರಿದೆ. ನನ್ನ ದನಿ ಕೇಳಿ ಮತ್ತಷ್ಟು ಎಳದ್ರು. ಒಂದು ಚಣ ಬಿಟ್ಟಿದ್ರ ತಗೀತಿದ್ದೆ. ಕಸ್ತೂರಿ ಒಳಗಿಂದ ಬಾಗ್ಲಾ ಬಡೀತಿದ್ಳು. ಆಮ್ಯಾಲ ಮ್ಯಾಲಿನ ಮಣ್ಣು ಕುಂತುಬಿಡ್ತು."

ಅವಳು ಅಳಲಿಲ್ಲ. ಪ್ರಮಿಲಾ ಅತ್ತಳು, ಅಳಬಾರದು ಎಂದು ಕಲಿತಿದ್ದರೂ ಅತ್ತಳು. ಸ್ವಲ್ಪ ಹೊತ್ತಿನ ಮೇಲೆ ಶಿವಕಾಂತಾ, "ಯಾರಿಗೂ ಹೇಳಬ್ಯಾಡ್ರಿ," ಅಂದಳು. ಪ್ರಮಿಲಾ ಅವಳ ಕೈ ಹಿಡಿದು, "ಇಲ್ಲ," ಅಂದಳು. ಆಗ ಅವಳಿಗೆ ನರಸಿಂಹರ ನೆನಪು ಬರಲಿಲ್ಲ. ಬಂದಿದ್ದರೂ ಅವರು "ಯಾರಿಗೂ" ಎಂಬ ಮಾತಿನಲ್ಲಿ ಸೇರುತ್ತಾರೆಂದು ಅವಳಿಗೆ ಅನ್ನಿಸುತ್ತಿರಲಿಲ್ಲ.

ಅಂದಿನಿಂದ ಶಿವಕಾಂತಾ ಬಾಗಿಲು ತೆಗೆಯುವುದು ನಿಂತಿತು. ತಾನೇ ಉಂಡಳು, ತಲೆ ಬಾಚಿಕೊಂಡಳು. ಅತ್ತೆಯ ಜೊತೆ ಬಾವಿಗೆ ಹೋದಳು. ಹಜರಾಬಿ ಖುಷಿಯಿಂದ ಸಕ್ಕರೆ ಹಂಚಿದಳು. ಕಾಸಿದ ಕಬ್ಬಿಣ ಇಟ್ಟವಳೇ ಬಂದು ಎಣ್ಣೆ ಕೊಟ್ಟು ಹೋದಳು.

ಆ ವಾರ ಆಳಂದದ ಹೋಟೆಲಿನಲ್ಲಿ ಪ್ರಮಿಲಾ ನರಸಿಂಹರಿಗೆ ಎಲ್ಲವನ್ನೂ ಹೇಳಿದಳು. ಕೊಂಡಿ, ಬಾರುಕೋಲು, ಮಾವ, ಬಿಗಿಯಾದ ಸರಪಳಿ, ಒಂದನ್ನೂ ಬಿಡಲಿಲ್ಲ. ತನ್ನ ಗೆಲುವನ್ನು ಹೇಳಿಕೊಳ್ಳುವ ಸಂತೋಷವೂ ಅದರಲ್ಲಿ ಸ್ವಲ್ಪ ಇತ್ತು.

ನರಸಿಂಹ ಚಹಾದ ಬಸಿ ಬದಿಗೆ ಸರಿಸಿದರು. "ಸರಪಳಿ ಬಿಗಿ ಆತು ಅಂದ್ರ ಅಗಳಿ ಅವ ತಗದಿದ್ದ," ಅಂದರು. "ಕುಡದಿದ್ದರೂ ತಗದಿದ್ದ. ಬಾಗಿಲು ಬರದೇ ಇದ್ದದ್ದು ಅವನ ತಪ್ಪಲ್ಲ."

ಪ್ರಮಿಲಾಗೆ ಆಗ ಭಯವಾಯಿತು. "ಡಾಕ್ಟರ್, ಇದು ಅವನ ತನಕ ಹೋಗಬಾರದು."

"ಅವನಿಗೆ ಇದು ಗೊತ್ತಾದರ ಅವ ಬದುಕ್ತಾನ."

"ಈಕಿ ಸಾಯ್ತಾಳ."

"ಹೇಳೂದಿಲ್ಲ ಬಿಡ್ರಿ," ಎಂದರು ನರಸಿಂಹ. ನಿಜವಾಗಿಯೂ ಹೇಳಬಾರದೆಂದೇ ಅಂದಿದ್ದರು.

ಮೃಗಶಿರಾ ಮಳೆ ಬಿದ್ದು ಬಿತ್ತನೆ ಶುರುವಾದಾಗ ಪ್ರಮಿಲಾ ಊರಲ್ಲಿರಲಿಲ್ಲ. ವತ್ಸಲಾಬಾಯಿಗೆ ಕಾಮಾಲೆಯಾಗಿ ಅವಳು ಅಫಜಲಪುರಕ್ಕೆ ಹೋಗಿದ್ದಳು. ಆ ದಿನಗಳಲ್ಲೇ ಬಸವಂತರಾಯ ಹೊಲದ ಬದುವಿನ ಮೇಲೆ ಕೂತು, ತೊಗರಿಗೆ ಹೊಡೆಯಲು ತಂದಿಟ್ಟಿದ್ದ ಎಂಡ್ರಿನ್ ಕೀಟನಾಶಕ ಕುಡಿದ. ದಾರಿಯಲ್ಲಿ ಹೋಗುವವರು ನೋಡಿ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ದವಾಖಾನೆಗೆ ತಂದರು. ಮೂಗಿನಿಂದ ನಳಿಕೆ ಇಳಿಸಿ ಹೊಟ್ಟೆ ತೊಳೆದರು. ನರಸಿಂಹ ಸುದ್ದಿ ತಿಳಿದು ಗುಲಬರ್ಗಾದಿಂದ ಓಡಿಬಂದರು. ಕಣ್ಣು ಬಿಟ್ಟ ಬಸವಂತರಾಯ ಅವರ ತೋಳು ಹಿಡಿದು, "ಯಾಕ ಉಳಿಸಿದ್ರಿ? ಇನ್ನೊಮ್ಮಿ ಕುಡೀತೇನಿ. ನೀವು ಹೋದ ಮ್ಯಾಲ ಕುಡೀತೇನಿ," ಎಂದ. ಅದು ಬರೀ ಬೆದರಿಕೆಯಲ್ಲ ಎಂದು ಅವರಿಗೆ ತಿಳಿಯಿತು. ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು, ತಲೆ ತಗ್ಗಿಸಿ, ಅವನಿಗೆ ಹೇಳಿದರು.

ಪ್ರಮಿಲಾ ಮರಳಿ ಬಂದ ದಿನ ಬಸ್ಸಿಳಿದು ಶೆಡ್ಡುಗಳ ಕಡೆ ನಡೆಯುವಾಗ ಬೇವಿನ ಗಿಡದ ಕೆಳಗೆ ಜನ ಸೇರಿದ್ದರು. ಊರ ಹಿರಿಯ ದೊಡ್ಡಪ್ಪಗೌಡ ಕಟ್ಟೆಯ ಮೇಲೆ ಕೂತಿದ್ದ. ಬಸವಂತರಾಯ ಪಕ್ಕದಲ್ಲಿ ಕೋಲೂರಿ ನಿಂತಿದ್ದ. ಗಡ್ಡ ತೆಗೆದಿದ್ದ, ಮಡಿಯಾದ ಧೋತರ ಉಟ್ಟಿದ್ದ, ಹಣೆಯ ಮೇಲೆ ವಿಭೂತಿ ಇತ್ತು. ಕಣ್ಣು ತಿಳಿಯಾಗಿದ್ದವು. ಅಷ್ಟು ತಿಂಗಳಲ್ಲಿ ಪ್ರಮಿಲಾ ಅವನನ್ನು ಹಾಗೆ ನೋಡಿರಲಿಲ್ಲ. ನಡುವೆ ನೆಲದ ಮೇಲೆ ಶಿವಕಾಂತಾ ಕೂತಿದ್ದಳು. ಸುಭದ್ರಾಬಾಯಿ ಅವಳಿಂದ ದೂರ, ಶೆಡ್ಡಿನ ತಗಡಿಗೊರಗಿ ನಿಂತಿದ್ದಳು.

"ಬರ್ರಿ ಅಕ್ಕೋರ," ಎಂದ ದೊಡ್ಡಪ್ಪಗೌಡ. "ನಿಮ್ಮದೇ ದಾರಿ ನೋಡಾಕತ್ತಿದ್ವಿ. ಈಕಿ ಬಾಗ್ಲಾಕ ಹೊರಗಿಂದ ಕೊಂಡಿ ಹಾಕಿದ್ಳಂತ. ಅದಕ್ಕ ಇವರ ಮನ್ಯಾಗ ಎರಡು ಜೀವ ಹೋದ್ವಂತ. ದೊಡ್ಡ ಡಾಕ್ಟರ್ ಸಾಹೇಬ್ರು ಬಸವಂತರಾಯಗ ಹೇಳ್ಯಾರ. ಈಕಿ ನಿಮ್ಮ ಮುಂದ ಅಂದಾಳ ಅಂತ ಮಾತು. ಅಂದಾಳೇನ್ರಿ?"

ಪ್ರಮಿಲಾಳ ಕೈಚೀಲ ಹೆಗಲಿಂದ ಜಾರಿತು. ಶಿವಕಾಂತಾ ಅವಳನ್ನು ನೋಡುತ್ತಿದ್ದಳು. ಸಿಟ್ಟಿನಿಂದಲ್ಲ, ಬಯಲಿನಲ್ಲಿ ಗೋಣಿಯ ಮೇಲೆ ಕೂತಾಗ ನೋಡುತ್ತಿದ್ದ ಹಾಗೆಯೇ ನೋಡುತ್ತಿದ್ದಳು.

"ಇಲ್ಲ," ಎಂದಳು ಪ್ರಮಿಲಾ. "ನನಗ ಆಕಿ ಏನೂ ಹೇಳಿಲ್ಲ."

"ಏನೂ ಹೇಳಿಲ್ಲ?"

"ಏನೂ ಹೇಳಿಲ್ಲ. ಡಾಕ್ಟರು ಏನೋ ತಪ್ಪು ತಿಳಕೊಂಡಾರ."

ಜನರಲ್ಲಿ ಗುಜುಗುಜು ಎದ್ದಿತು. ಬಸವಂತರಾಯನ ಮುಖ ಒಂದು ಗಳಿಗೆ ಬಾಡಿತು, ಹಳೆಯ ಮುಖ ಮರಳಿ ಬಂದ ಹಾಗೆ. ದೊಡ್ಡಪ್ಪಗೌಡ ಶಿವಕಾಂತಾಳ ಕಡೆ ತಿರುಗಿದ. "ಹಂಗಾದ್ರ ನೀನೇ ಹೇಳ ಬೇ. ಕೊಂಡಿ ಹಾಕಿದ್ದಿ ಏನು?"

ಖರೆ ಹೇಳಿದರೆ ಎದೆ ಹಗುರಾಗುತ್ತದೆ ಎಂದು ಆ ಬೇಸಿಗೆಯೆಲ್ಲ ಪ್ರಮಿಲಾ ಅವಳಿಗೆ ಹೇಳಿಕೊಟ್ಟಿದ್ದಳು. ಬಚ್ಚಿಟ್ಟದ್ದೇ ಮೈಗೆ ವಿಷವಾಗುತ್ತದೆ ಎಂದಿದ್ದಳು.

"ಹೌದ್ರಿ," ಎಂದಳು ಶಿವಕಾಂತಾ. "ಹಾಕಿದ್ದೆ."

ಪ್ರಮಿಲಾ ನಡುವೆ ನುಗ್ಗಿದಳು. "ಯಾಕ ಹಾಕಿದ್ಳು ಕೇಳ್ರಿ! ದಿನಾ ಬಾರಕೋಲಲೇ ಹೊಡೀತಿದ್ದ ಇವ. ಮತ್ತ ಆಕಿ ಕೊಂಡಿ ತಗೀಲಿಕ್ಕೆ ಬಂದಿದ್ಳು, ಇವ ಒಳಗಿಂದ ಎಳದದ್ದಕ್ಕ ಸರಪಳಿ ಬಿಗಿಯಾಗಿ ಏಳಲಿಲ್ಲ. ಎಳೀಬ್ಯಾಡ್ರಿ ಅಂತ ಒದರ್ಯಾಳ. ಇವ ಬಿಟ್ಟಿದ್ರ..."

"ತಡೀರಿ ಅಕ್ಕೋರ," ದೊಡ್ಡಪ್ಪಗೌಡ ಕೈಯೆತ್ತಿದ. "ಈಗರೆ ಏನೂ ಹೇಳಿಲ್ಲ ಅಂದ್ರಿ. ಮತ್ತ ಇದೆಲ್ಲ ನಿಮಗ ಯಾರು ಹೇಳಿದ್ರು?"

ಯಾರೋ ನಕ್ಕರು. ಒಂದು ಸುಳ್ಳು ಹೇಳಿದವಳ ಬಾಯಿಂದ ಬಂದ ನಿಜ ಅಲ್ಲಿ ಯಾರಿಗೂ ಬೇಕಿರಲಿಲ್ಲ.

"ಕಥಿ ಕಟ್ಟಾಕತ್ತಾರ್ರಿ," ಎಂದ ಬಸವಂತರಾಯ ಶಾಂತವಾಗಿ. "ನಾ ಹೊಡದಿದ್ದು ಖರೆ. ಹೊಡೀದ ಗಂಡ ಯಾವನದಾನ? ಹೊಡದಿದ್ದಕ್ಕ ಯಾರರೆ ಮಗಳನ್ನ ಒಳಗ ಹಾಕಿ ಕೊಂಡಿ ಹಾಕ್ತಾರ? ನಾ ಈಕಿ ಮ್ಯಾಲ ಕೈ ಎತ್ತೂದಿಲ್ಲ ಇನ್ನ. ಈಕಿ ನನಗ ಬ್ಯಾಡ, ಅಷ್ಟೇ."

ಶಿವಕಾಂತಾ ಗಂಡನನ್ನು ನೋಡಲಿಲ್ಲ. ಅವಳ ಕಣ್ಣು ಅತ್ತೆಯ ಮೇಲಿತ್ತು. ಸುಭದ್ರಾಬಾಯಿ ತಗಡು ಬಿಟ್ಟು ಮೆಲ್ಲಗೆ ನಡೆದು ಬಂದು ಸೊಸೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ನೀ ಹೊರಗ ನಿಂತಿದ್ದಿ?"

"ಹೌದ್ರಿ ಅತ್ತಿ."

"ಬಾಗ್ಲದ ಹತ್ತರ?"

"ಹೌದು."

"ಕೂಸು ಏನಂತು?"

ಪ್ರಮಿಲಾ ಬೇಡ ಎಂಬಂತೆ ತಲೆಯಾಡಿಸಿದಳು, ಆದರೆ ಶಿವಕಾಂತಾ ಅವಳ ಕಡೆ ನೋಡುತ್ತಿರಲಿಲ್ಲ.

"ಯವ್ವಾ ಬಾಗ್ಲಾ ತಗಿ ಅಂತು."

ಸುಭದ್ರಾಬಾಯಿ ಒಂದು ಸಲ ತಲೆ ಆಡಿಸಿದಳು. ಆಮೇಲೆ ತನ್ನ ಬಲಗೈಯನ್ನು ಎತ್ತಿ, ಅಂಗೈ ನೋಡಿಕೊಂಡಳು. "ಈ ಕೈಲೆ ನಾ ನಿನಗ ಉಣಿಸೇನಿ," ಅಂದಳು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಎರಡೂ ಕೈಯನ್ನು ತಿಕ್ಕಿ ತಿಕ್ಕಿ ಉಜ್ಜಿಕೊಂಡಳು, ಹೊಲಸು ಮುಟ್ಟಿದವರು ಉಜ್ಜಿಕೊಳ್ಳುವ ಹಾಗೆ. ಎದ್ದು ಶೆಡ್ಡಿನೊಳಕ್ಕೆ ಹೋಗಿ ಶಿವಕಾಂತಾಳ ಎರಡು ಸೀರೆ, ಹೊದಿಕೆ, ತಲೆ ಬಾಚುವ ಹಣಿಗೆ ತಂದು ಹೊರಗೆ ಎಸೆದಳು. ಆ ದಿನ ಅಲ್ಲಿಯ ತನಕ ಯಾರೂ ಶಿವಕಾಂತಾಳ ಮೈ ಮುಟ್ಟಿರಲಿಲ್ಲ. ಎಸೆದ ಹಣಿಗೆ ನೆಲಕ್ಕೆ ಬಿದ್ದ ಸಪ್ಪಳಕ್ಕೆ ಜನರ ಅಳುಕು ಬಿಟ್ಟಿತೋ ಏನೋ, ಹಿಂದಿನಿಂದ ಒಬ್ಬಳು ಬಂದು ಅವಳ ತುರುಬು ಹಿಡಿದಳು. ಮತ್ತೊಬ್ಬಳು ಚಪ್ಪಲಿಯಿಂದ ಹೊಡೆದಳು. ಆ ಭೂಕಂಪದಲ್ಲಿ ಮಕ್ಕಳನ್ನು ಕಳಕೊಂಡ ತಾಯಂದಿರು ಅಲ್ಲಿ ಬಹಳ ಮಂದಿ ಇದ್ದರು. ಅವರಿಗೆ ಆ ಸಾವಿಗಾಗಿ ಹೊಡೆಯಲು ಇಷ್ಟು ದಿನ ಯಾರೂ ಸಿಕ್ಕಿರಲಿಲ್ಲ, ಭೂಮಿಯನ್ನು ಹೊಡೆಯಲು ಬರುವುದಿಲ್ಲ. ಅಡ್ಡ ಹೋದ ಪ್ರಮಿಲಾಗೂ ನಾಲ್ಕು ಬಿದ್ದವು. ಕಡೆಗೆ ಹಜರಾಬಿ ಶಿವಕಾಂತಾಳ ಮೇಲೆ ಬಿದ್ದು, "ಬಸ್ ಕರೋ, ಬಿಡ್ರೇ ಇನ್ನ, ಸಾಯ್ತಾಳ," ಎಂದು ಕೂಗಿ ಬಿಡಿಸಿದಳು.

ಎರಡು ದಿನದ ಮೇಲೆ ಜೇವರ್ಗಿ ತಾಲೂಕಿನ ಕೊಳಕೂರಿನಿಂದ ಶಿವಕಾಂತಾಳ ಅಣ್ಣ ಚಂದ್ರಾಮಪ್ಪ ಬಂದ. ತಂಗಿಯ ಊದಿದ ಮುಖ ನೋಡಿ ಅವನು ಏನೂ ಕೇಳಲಿಲ್ಲ. ಎಲ್ಲ ಕೇಳಿಕೊಂಡೇ ಬಂದಿದ್ದ. ಬಸ್ಸಿನಲ್ಲಿ ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ತಾನು ಮುಂದೆ ಹೋಗಿ ಕೂತ.

ಪ್ರಮಿಲಾ ಗುಲಬರ್ಗಾಕ್ಕೆ ಹೋದಳು. ನರಸಿಂಹ ರೋಗಿಗಳನ್ನು ಹೊರಗೆ ಕಾಯಿಸಿ ಬಾಗಿಲು ಮುಂದೆ ಮಾಡಿದರು. ಅವರ ಮುಖ ನಿದ್ದೆಗೆಟ್ಟಂತಿತ್ತು.

"ಹೇಳೂದಿಲ್ಲ ಅಂದಿದ್ರಿ," ಎಂದಳು ಪ್ರಮಿಲಾ.

"ಅಂದಿದ್ದೆ. ಆಗ ಅವನ ಹೊಟ್ಟಿಯೊಳಗ ಎಂಡ್ರಿನ್ ಇದ್ದಿಲ್ಲ."

"ಹೇಳೂದಾದ್ರ ಪೂರ್ತಿ ಹೇಳಬೇಕಾಗಿತ್ತು. ಅವ ಎಳದದ್ದು ಯಾಕ ಹೇಳಲಿಲ್ಲ? ನಾ ನಿಮಗ ಅದನ್ನೂ ಹೇಳಿದ್ದೆ."

"ಹೇಳಿದ್ರಿ." ನರಸಿಂಹ ಕನ್ನಡಕ ತೆಗೆದು ಕಣ್ಣೊರಸಿಕೊಂಡರು. "ಅದನ್ನೂ ಹೇಳಿದ್ರ ಔಷಧ ಹತ್ತತಿರಲಿಲ್ಲ. ಬಾಗಿಲು ತಗೀಲಿಕ್ಕೆ ಆಗಲಿಲ್ಲ ಅಂತ ಸಾಯಲಿಕ್ಕೆ ಹೊಂಟವನಿಗೆ, ನೀ ಎಳದದ್ದಕ್ಕ ತಗೀಲಿಕ್ಕೆ ಆಗಲಿಲ್ಲ ಅಂತ ಹೇಳಲಾ? ಅವ ನನ್ನ ರೋಗಿ ಪ್ರಮಿಲಾ ಬಾಯಿ. ಆಕಿ ನಿಮ್ಮ ರೋಗಿ. ನಾವು ಹಂಗೇ ಹಂಚಿಕೊಂಡಿದ್ವಿ."

"ಆಕಿ ತಲಿ ಒಡದಾರ."

"ಸತ್ತಿಲ್ಲ ಹೌದಲ್ಲೊ?" ಎಂದುಬಿಟ್ಟರು ನರಸಿಂಹ. ಎಂದ ಮೇಲೆ ತಮ್ಮ ಮಾತಿಗೆ ತಾವೇ ಬೆಚ್ಚಿದವರಂತೆ ಕಿಟಕಿಯ ಕಡೆ ತಿರುಗಿದರು. "ಇಬ್ಬರನ್ನೂ ಉಳಿಸಬೇಕಂತ ನೀವು ಹೊಂಟ್ರಿ. ನಾನೂ ಹೊಂಟಿದ್ದೆ. ಒಬ್ಬ ಉಳದ. ನನ್ನ ಜಾಗಾದಾಗ ನೀವಿದ್ರ ಏನು ಮಾಡ್ತಿದ್ರಿ, ಹೇಳ್ರಿ."

ಆ ಪ್ರಶ್ನೆ ಕೇಳಿದ್ದಕ್ಕೆ ಪ್ರಮಿಲಾಗೆ ಅವರ ಮೇಲೆ ಇನ್ನೂ ಹೆಚ್ಚು ಸಿಟ್ಟು ಬಂತು. ಎದ್ದು ಬಂದಳು. ಅವರಿಬ್ಬರೂ ಮತ್ತೆ ಜೊತೆಗೆ ಕೆಲಸ ಮಾಡಲಿಲ್ಲ.

ಆ ವರ್ಷದ ಕೊನೆಗೆ ಸೇವಾಸಂಸ್ಥೆಯವರು ಒಂದು ಸಭೆ ಕರೆದರು. ಬಸವಂತರಾಯ ವೇದಿಕೆಯ ಮೇಲೆ ಬಂದು, ಸಾಯಬೇಕೆಂದಿದ್ದ ತಾನು ಹೇಗೆ ಮನುಷ್ಯನಾದೆನೆಂದು ಹೇಳಿದ. ಕುಡಿತ ಬಿಟ್ಟದ್ದನ್ನು ಹೇಳಿದಾಗ ಜನ ಚಪ್ಪಾಳೆ ತಟ್ಟಿದರು. ನರಸಿಂಹ ತಲೆ ಎತ್ತದೆ ಕೂತಿದ್ದರು. ಅಷ್ಟರಲ್ಲಿ ಬಸವಂತರಾಯ ಮತ್ತೆ ಮದುವೆಯಾಗಿದ್ದ. ಹೊಸ ಕಾಲೊನಿಯಲ್ಲಿ ಅವನಿಗೆ ಮನೆ ಬಂದಿತ್ತು. ಪ್ರಮಿಲಾ ಒಂದು ಸಲ ಆಳಂದದ ಸಂತೆಯಲ್ಲಿ ಹಜರಾಬಿಯನ್ನು ಕಂಡು, ಹೇಗಿದ್ದಾನೆ ಎಂದು ಕೇಳಿದಳು.

"ಕುಡಿಯೂದು ಬಿಟ್ಟಾನ್ರಿ ಅಕ್ಕೋರ. ಹೊಡಿಯೂದು ಬಿಟ್ಟಿಲ್ಲ. ಮೊದಲ ಕುಡದಾಗ ಅಷ್ಟೇ ಹೊಡೀತಿದ್ದ. ಈಗ ಎಚ್ಚರ ಇದ್ದು ಹೊಡೀತಾನ. ಹೊಸಾಗಿ ಮಾಡಕೊಂಡ ಹುಡುಗಿಗಿ ಕೈ ಮುರದು ಪಟ್ಟಿ ಕಟ್ಯಾರ."

ಮರುವರ್ಷ ತೊಗರಿ ರಾಶಿಯ ದಿನಗಳಲ್ಲಿ ಪ್ರಮಿಲಾ ಕೊಳಕೂರಿಗೆ ಹೋದಳು. ಹಿಂದೆಯೂ ಎರಡು ಸಲ ಹೊರಟು ಜೇವರ್ಗಿಯ ತನಕ ಬಂದು ತಿರುಗಿ ಹೋಗಿದ್ದಳು. ಚಂದ್ರಾಮಪ್ಪನ ಮನೆಯಲ್ಲಿ ಅವನ ಹೆಂಡತಿ ಹೊಸ್ತಿಲಲ್ಲೇ ನಿಂತು, "ಆಕಿ ಇಲ್ಲಿ ಇರಂಗಿಲ್ರಿ. ಹೊಲದಾಗ ಇರ್ತಾಳ," ಎಂದು ಕೈ ತೋರಿಸಿದಳು. ಮಕ್ಕಳಿರುವ ಮನೆ ಎಂದೂ ಸೇರಿಸಿದಳು, ಕೇಳದಿದ್ದರೂ.

ಶಿವಕಾಂತಾ ಕಣದಲ್ಲಿ ತೊಗರಿ ಬಡಿಯುತ್ತಿದ್ದಳು. ಮೈ ತುಂಬಿಕೊಂಡಿತ್ತು. ಗದ್ದದ ಹತ್ತಿರ ಹೊಲಿಗೆಯ ಗುರುತು. ಪ್ರಮಿಲಾಳನ್ನು ಕಂಡು ಕೋಲು ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು.

"ಆರಾಮ ಇದ್ದೀರಿ ಅಕ್ಕೋರ? ನಿಮ್ಮ ತಾಯಿ ಆರಾಮ ಇದ್ದಾರ?"

"ಹೋದ ವರ್ಷ ತೀರಿಕೊಂಡ್ರು."

"ಅಯ್ಯ ಶಿವನೇ." ಅವಳು ನಿಜವಾಗಿ ಮರುಗಿದಳು. ಆಮೇಲೆ, "ನಂದೂ ಆರಾಮದ್ರಿ. ನಿದ್ದಿ ಬರ್ತದ. ಉಣ್ಣತೇನಿ. ಕೆಲಸ ಮಾಡ್ತೇನಿ," ಎಂದಳು, ವೈದ್ಯರಿಗೆ ವರದಿ ಒಪ್ಪಿಸುವ ಹಾಗೆ. ಪ್ರಮಿಲಾ ಕಲಿತ ಲೆಕ್ಕದಲ್ಲಿ ಅವಳು ಪೂರ್ತಿ ಗುಣವಾಗಿದ್ದಳು.

ಇಬ್ಬರೂ ತೊಗರಿ ಹೊಟ್ಟಿನ ಪಕ್ಕ ಕೂತರು. ದೂರದಲ್ಲಿ ಭೀಮಾ ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಚಂದ್ರಾಮಪ್ಪನ ಸಣ್ಣ ಮಗಳು ದಾರಿಯಲ್ಲಿ ಬಂದು ನಿಂತು ಸೋದರತ್ತೆಯನ್ನು ನೋಡಿ ನಕ್ಕಳು. ಹಿಂದಿನಿಂದ ತಾಯಿ, "ಏ ಬಾ ಇಲ್ಲಿ! ಆಕಿ ಹತ್ತರ ಹೋಗಬ್ಯಾಡ ಅಂದಿಲ್ಲೇನ?" ಎಂದು ಕೂಗಿ ಎಳೆದೊಯ್ದಳು. ಶಿವಕಾಂತಾ ಕಣದ ಕಡೆ ನೋಡುತ್ತ ಕೂತಳು.

"ಒಂದು ಕೇಳಲೇನ್ರಿ?" ಎಂದಳು. "ಅವರಿಗಿ ಡಾಕ್ಟರ್ ಸಾಹೇಬ್ರು ಹೇಳಿದ್ರು. ಡಾಕ್ಟರ್ ಸಾಹೇಬ್ರಿಗಿ ಯಾರು ಹೇಳಿದ್ರು?"

"ನಾನೇ ಹೇಳಿದ್ದು."

"ಗೊತ್ತಿತ್ರಿ. ನಿಮ್ಮ ಬಾಯಿಲೆ ಕೇಳಬೇಕಾಗಿತ್ತು."

"ನಿನಗ ಚಲೋ ಆಗಲಿ ಅಂತ, ಶಿವಕಾಂತಾ. ಇಬ್ಬರೂ ಕೂಡಿ ಮಾಡಿದ್ರ..."

"ಗೊತ್ತದರಿ. ಚಲೋ ಆಗಲಿ ಅಂತ್ಲೇ ಮಾಡೀರಿ." ಅವಳ ಮಾತಿನಲ್ಲಿ ಕೊಂಕಿರಲಿಲ್ಲ. "ಆದ್ರ ಇನ್ನ ಬರಬ್ಯಾಡ್ರಿ. ನಿಮ್ಮನ್ನ ನೋಡಿದ್ರ ಮತ್ತ ಏನರೆ ಹೇಳಬೇಕು ಅನಸ್ತದ. ನನಗ ಹೇಳೂದು ಬ್ಯಾಡಾಗ್ಯಾದ."

ಪ್ರಮಿಲಾ ಎದ್ದಳು. ಬಿಸಿಲಿಗೆ ಕಣ್ಣು ಕತ್ತಲೆ ಬಂದು ಒಂದು ಹೆಜ್ಜೆ ತಡವರಿಸಿದಳು. ಅದನ್ನು ಕಂಡು ಶಿವಕಾಂತಾ ಗುಡಿಸಲಿಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. "ಕುಡದು ಹೋಗ್ರಿ. ಬಸ್ಸು ತಡಾ ಅದ," ಎಂದಳು. ನೀರು ತಣ್ಣಗಿತ್ತು. ಪ್ರಮಿಲಾ ಪೂರ್ತಿ ಕುಡಿದು ತಂಬಿಗೆಯನ್ನು ಮುಂದೆ ಚಾಚಿದಳು.

ಶಿವಕಾಂತಾ ಕೈ ನೀಡಲಿಲ್ಲ.

"ಅಲ್ಲೇ ಕೆಳಗ ಇಡ್ರಿ," ಅಂದಳು, ಮತ್ತು ಕೋಲು ಎತ್ತಿಕೊಂಡು ತೊಗರಿಯ ಕಡೆ ತಿರುಗಿದಳು.